ಮುಟ್ಟು ಬರಿಸೋ ಗುಳಿಗೆ ಕೇಳುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿ

ವಯಸ್ಸು 22, ಮುಟ್ಟು ಒಮ್ಮೆ 45 ದಿನಕ್ಕೆ, ಒಮ್ಮೆ ಎರಡೂವರೆ ತಿಂಗಳಿಗೆ. ಸ್ಕ್ಯಾನ್ ಮಾಡಿದವರು ಪಿಸಿಒಡಿ (ಅಂಡಾಶಯದ ನೀರಗುಳ್ಳೆ ತೊಂದರೆ) ಅಂದಿದ್ದಾರೆ, ಮನೆಯಲ್ಲಿ ಮದುವೆ ಮಾತು ನಡೆದಿದೆ, ಅಮ್ಮ ಮದುವೆಯಾದರೆ ಸರಿಹೋಗುತ್ತದೆ ಅನ್ನುತ್ತಾರೆ. ತಿಂಗಳಿಗೆ ಸರಿಯಾಗಿ ಮುಟ್ಟು ಬರಲು ಯಾವ ಗುಳಿಗೆ ಒಳ್ಳೆಯದು ಅಂತ ಕೇಳಿದ್ದೀರಿ.

ಗುಳಿಗೆ ಹೆಸರು ನನಗೆ ಗೊತ್ತು. ಆದರೆ ಹೇಳುವುದಿಲ್ಲ. ಆ ಗುಳಿಗೆಯಿಂದಲೇ ನನ್ನ ಕಾಯಿಲೆ ಡಿಗ್ರಿ ಮುಗಿಯುವವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ.

ನಾನು ಬೀದರ್ ಜಿಲ್ಲೆ ಹುಮನಾಬಾದ್ ಕಡೆಯವಳು. ಡಿಗ್ರಿಗೆ ಕಲಬುರಗಿಗೆ ಬಂದು ಹಾಸ್ಟೆಲ್ ಸೇರಿದೆ. ಮೊದಲ ವರ್ಷವೇ ತಾರೀಖು ಹಿಂದೆ ಮುಂದೆ ಆಗಲು ಶುರುವಾಯಿತು. ಅವ್ವನಿಗೆ ಫೋನ್ ಮಾಡಿದರೆ, "ಊರು ಬದಲಾಗ್ಯಾದ, ನೀರು ಬದಲಾಗ್ಯಾದ, ಸರಿ ಆಗ್ತದ ಬಿಡು" ಅಂದಳು. ಹಾಸ್ಟೆಲ್‌ನಲ್ಲಿ ಇಂಥದ್ದಕ್ಕೆಲ್ಲ ಗುಳಿಗೆ ಹೆಸರು ಎಲ್ಲರ ಬಾಯಲ್ಲೂ ಇರುತ್ತಿತ್ತು. ಶರಣಬಸವೇಶ್ವರ ಜಾತ್ರೆಗೆ, ಅಕ್ಕನ ಮದುವೆಗೆ, ಮನೆಯ ಪೂಜೆಗೆ ಮುಟ್ಟು ಮುಂದೆ ಹಾಕುವುದು ಅಲ್ಲಿ ಯಾರಿಗೂ ದೊಡ್ಡ ವಿಷಯ ಆಗಿರಲಿಲ್ಲ. ಮುಂದೆ ಹಾಕುವ ಗುಳಿಗೆ ಇದೆ ಅಂದ ಮೇಲೆ ಬರಿಸೋ ಗುಳಿಗೆಯೂ ಇರಬೇಕಲ್ವಾ? ಮೆಡಿಕಲ್ ಅಂಗಡಿಯವನು ಚೀಟಿ ಕೇಳಲಿಲ್ಲ. ಸ್ಟ್ರಿಪ್ಪನ್ನು ಕತ್ತರಿಯಿಂದ ಅರ್ಧ ಮಾಡಿ, ಪೇಪರಿನಲ್ಲಿ ಸುತ್ತಿ, "ಐದು ದಿನ ತಗೋರಿ, ಬಿಟ್ಟ ಮ್ಯಾಲ ಆಗ್ತದ" ಅಂದ. ಆಯಿತು. ಅವನು ಹೇಳಿದ ಹಾಗೇ ಆಯಿತು. ಆಮೇಲೆ ಮುಟ್ಟು ತಡವಾದಾಗೆಲ್ಲ ಅದೇ ಅಂಗಡಿ, ಅದೇ ಅರ್ಧ ಸ್ಟ್ರಿಪ್.

ಈಗ ನನ್ನ ತಪ್ಪು ಎಲ್ಲಿ ಅಂತ ಹೇಳುತ್ತೇನೆ, ಇದನ್ನು ಮಾತ್ರ ಗಮನ ಕೊಟ್ಟು ಓದಿ. ಗುಳಿಗೆ ತಗೊಂಡಿದ್ದಕ್ಕಿಂತ ದೊಡ್ಡ ತಪ್ಪು ಆ ರಕ್ತವನ್ನು ನನ್ನ ಮುಟ್ಟು ಅಂತ ನಂಬಿದ್ದು. ಕೂದಲು ಉದುರುತ್ತಿತ್ತು, ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು ಅಂತ ಒಬ್ಬ ಡಾಕ್ಟರ್ ಹತ್ತಿರ ಹೋಗಿದ್ದೆ. ಅವರು ಕೇಳಬೇಕಾದ್ದನ್ನೇ ಕೇಳಿದರು, ಮುಟ್ಟು ಸರಿಯಾಗಿ ಆಗ್ತದಾ ಅಂತ. "ಹೌದ್ರೀ, ಸುಮಾರು ತಿಂಗಳಿಗೆ ಆಗ್ತದ" ಅಂದೆ. ಸುಳ್ಳು ಹೇಳುವ ಮನಸ್ಸು ಇರಲಿಲ್ಲ. ಆಗುತ್ತಿತ್ತಲ್ಲ! ಡೈರಿಯಲ್ಲಿ ತಾರೀಖು ಬರೆದಿಟ್ಟಿದ್ದೆ, ತೋರಿಸಿದೆ ಕೂಡ. ಆ ತಾರೀಖುಗಳ ಪಕ್ಕದಲ್ಲಿ ಗುಳಿಗೆ ತಗೊಂಡ ದಿನಗಳನ್ನು ಬರೆದಿರಲಿಲ್ಲ. ಬರೆದಿದ್ದರೆ ಅವತ್ತೇ ಅವರು ಬೇರೆ ಪ್ರಶ್ನೆ ಕೇಳುತ್ತಿದ್ದರು, ಬೇರೆ ಪರೀಕ್ಷೆ ಬರೆಯುತ್ತಿದ್ದರು. ಟಾನಿಕ್ ಬರೆದುಕೊಟ್ಟು ಕಳಿಸಿದರು.

ಇದು ಯಾಕೆ ಅಷ್ಟು ದೊಡ್ಡ ತಪ್ಪು ಅಂತ ಅರ್ಥ ಆಗಬೇಕಾದರೆ ಒಳಗೆ ಏನಾಗುತ್ತದೆ ಅಂತ ಗೊತ್ತಿರಬೇಕು. ಈಸ್ಟ್ರೋಜನ್ ಅನ್ನುವ ಹಾರ್ಮೋನು ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತಾ ಹೋಗುತ್ತದೆ. ಅಂಡಾಶಯದಿಂದ ಮೊಟ್ಟೆ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನು ಬರುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಕ್ಕೆ ಅದು ಇಳಿದು ಪದರ ಕಳಚಿ ಬೀಳುತ್ತದೆ. ಅದು ಮುಟ್ಟು. ಮೊಟ್ಟೆಯೇ ಬಿಡುಗಡೆ ಆಗದಿದ್ದರೆ ಪ್ರೊಜೆಸ್ಟರಾನ್ ಇಲ್ಲ, ಪದರ ಹಾಗೇ ಕೂತಿರುತ್ತದೆ. ಅಂಗಡಿಯ ಗುಳಿಗೆಯಲ್ಲಿ ಇರುವುದು ಆ ಪ್ರೊಜೆಸ್ಟರಾನ್ ಜಾತಿಯ ಔಷಧಿಯೇ. ಕೆಲವು ದಿನ ತಿಂದು ನಿಲ್ಲಿಸಿದರೆ ಸಾಮಾನ್ಯವಾಗಿ ಒಂದು ವಾರದೊಳಗೆ ಪದರ ಕಳಚುತ್ತದೆ, ರಕ್ತ ಬರುತ್ತದೆ. ಮೊಟ್ಟೆ ಯಾಕೆ ಬಿಡುಗಡೆ ಆಗುತ್ತಿಲ್ಲ ಅನ್ನುವ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಥೈರಾಯ್ಡ್ ಇರಲಿ, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಇರಲಿ, ಪಿಸಿಒಡಿ ಇರಲಿ, ಒಂದನ್ನೂ ಆ ಗುಳಿಗೆ ಮುಟ್ಟುವುದಿಲ್ಲ. ನನಗೋ ತಾರೀಖು ಸರಿಯಾಗಿದ್ದೇ ಆರೋಗ್ಯ ಅನ್ನಿಸಿತ್ತು.

ಡಾಕ್ಟರೂ ಇದೇ ಗುಳಿಗೆ ಬರೆಯುತ್ತಾರೆ, ಬರೆಯಬೇಕು ಕೂಡ. ಮೂರು ತಿಂಗಳು ದಾಟಿದರೂ ಮುಟ್ಟಾಗದಿದ್ದರೆ ಪದರವನ್ನು ಹಾಗೆ ಬೆಳೆಯಲು ಬಿಡಬಾರದು, ವರ್ಷಗಟ್ಟಲೆ ಹಾಗೇ ಬಿಟ್ಟರೆ ಮುಂದೆ ಗರ್ಭಕೋಶದ ಕ್ಯಾನ್ಸರ್ ಭಯವೂ ಇದೆ. ಆದರೆ ಅವರು ಗರ್ಭಿಣಿ ಅಲ್ಲ ಅಂತ ಖಾತ್ರಿ ಮಾಡಿಕೊಂಡು, ಕಾರಣ ಹುಡುಕುತ್ತಾ ಕೊಡುತ್ತಾರೆ. ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುವವನು ಇದ್ಯಾವುದನ್ನೂ ಮಾಡುವುದಿಲ್ಲ.

ನನಗೂ ನಿಮ್ಮ ಹಾಗೇ ಸ್ಕ್ಯಾನ್ ಆಗಿತ್ತು. "ಅಂಡಾಶಯದಲ್ಲಿ ನೀರಗುಳ್ಳೆ ಅವ, ಪಿಸಿಒಡಿ, ತೂಕ ಇಳಿಸು" ಅಂದರು. ಇಳಿಸಲು ಹೊರಟೆ. ರಾತ್ರಿ ರೊಟ್ಟಿ ಬಿಟ್ಟೆ, ಬೆಳಿಗ್ಗೆ ಬರೀ ಚಹಾ. ತೂಕ ಇಳಿಯಲಿಲ್ಲ, ಮುಖ ಊದಿಕೊಂಡಿತು. ಕಲಬುರಗಿ ಬೇಸಿಗೆ ನಿಮಗೆ ಗೊತ್ತೇ ಇದೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿರುತ್ತದೆ. ಹುಡುಗಿಯರೆಲ್ಲ ಚಾದರ ನೀರಲ್ಲಿ ಅದ್ದಿ ಹಿಂಡಿ ಹೊದ್ದುಕೊಂಡು ಮಾಳಿಗೆ ಮೇಲೆ ಮಲಗುತ್ತಿದ್ದರು. ನಾನು ಕೋಣೆಯೊಳಗೆ ಫ್ಯಾನ್ ಬಂದ್ ಮಾಡಿಕೊಂಡು ಕೌದಿ ಹೊದ್ದು ಮಲಗುತ್ತಿದ್ದೆ. ಮಲಬದ್ಧತೆ, ಒಣ ಚರ್ಮ, ದಪ್ಪಗಾದ ದನಿ, ಎಷ್ಟು ಮಲಗಿದರೂ ನಿದ್ದೆ. ಎಲ್ಲಾ ಲಕ್ಷಣ ಕಣ್ಣ ಮುಂದೇ ಇದ್ದವು. ಪಿಸಿಒಡಿ ಅನ್ನುವ ಒಂದು ಮಾತು ಸಿಕ್ಕಿದ ಮೇಲೆ ನಾನಾಗಲಿ, ಮನೆಯವರಾಗಲಿ ಬೇರೆ ಯೋಚನೆಯನ್ನೇ ಮಾಡಲಿಲ್ಲ.

ಕೊನೆ ವರ್ಷದ ಪರೀಕ್ಷೆ ಹೊತ್ತಿಗೆ ಶುರುವಾದ ಮುಟ್ಟು ನಿಲ್ಲಲೇ ಇಲ್ಲ. ಗಂಟೆ ಗಂಟೆಗೆ ಪ್ಯಾಡ್ ಬದಲಿಸುವ ಹಾಗಾಯಿತು, ದೊಡ್ಡ ದೊಡ್ಡ ರಕ್ತದ ಗೆಡ್ಡೆ ಬೀಳುತ್ತಿದ್ದವು. ಬಸ್ ಹತ್ತುವಾಗ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಗೆಳತಿಯರು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದರು. ಹಿಮೋಗ್ಲೋಬಿನ್ 6.4 ಇತ್ತು, ಹೆಂಗಸರಿಗೆ 12 ಇರಬೇಕು. ರಕ್ತ ಏರಿಸಿದರು. ವಾರ್ಡಿನಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರ್ ಮೇಡಂ ಬಂದು ಕೇಳಿದ ಮಾತು ಇದು: "ಗುಳಿಗೆ ಏನೂ ತಗೊಳ್ಳದೆ, ತಾನಾಗಿ ಮುಟ್ಟಾಗಿದ್ದು ಕೊನೆಗೆ ಯಾವಾಗ?" ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವರು ಕೈ ಹಿಡಿದು ಚರ್ಮ ನೋಡಿದರು, ಗಂಟಲು ಮುಟ್ಟಿ ನೋಡಿದರು, ಥೈರಾಯ್ಡ್ ನೋಡುವ ರಕ್ತ ಪರೀಕ್ಷೆ ಟಿಎಸ್‌ಎಚ್ ಬರೆದರು. ಅದು 4ರ ಆಸುಪಾಸಿನೊಳಗೆ ಇರಬೇಕಾದ್ದು, ನನ್ನದು 60 ದಾಟಿತ್ತು. ಹೈಪೋಥೈರಾಯ್ಡ್, ಅಂದರೆ ಗಂಟಲಿನ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಮಾಡುತ್ತಿರಲಿಲ್ಲ. ಥೈರಾಯ್ಡ್ ತುಂಬಾ ಕಡಿಮೆ ಇದ್ದರೆ ಮುಟ್ಟು ತಪ್ಪುತ್ತದೆ, ಬಂದರೆ ಜಾಸ್ತಿ ಹೋಗುತ್ತದೆ, ಅಂಡಾಶಯ ಕೂಡ ಸ್ಕ್ಯಾನ್‌ನಲ್ಲಿ ಪಿಸಿಒಡಿ ತರಹವೇ ಕಾಣಬಹುದು ಅಂತ ಅವರೇ ಬಿಡಿಸಿ ಹೇಳಿದರು.

ಅದಕ್ಕೇ ನಿಮ್ಮ ಸ್ಕ್ಯಾನ್ ವಿಷಯಕ್ಕೆ ಬರುತ್ತೇನೆ. ಬರೀ ಸ್ಕ್ಯಾನ್ ನೋಡಿ ಪಿಸಿಒಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ವಯಸ್ಸಿನಲ್ಲಿ ಸಣ್ಣ ಸಣ್ಣ ನೀರಗುಳ್ಳೆಗಳು ಆರೋಗ್ಯವಾಗಿರುವ ಎಷ್ಟೋ ಹುಡುಗಿಯರಿಗೂ ಕಾಣುತ್ತವೆ. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಡಾಕ್ಟರುಗಳು ಸೇರಿ ಮಾಡಿದ ಲೆಕ್ಕ ಒಂದಿದೆ, ಅದೇ ಇವತ್ತಿಗೂ ಆಧಾರ. ಮುಟ್ಟು ಏರುಪೇರು, ಗಂಡು ಹಾರ್ಮೋನು ಜಾಸ್ತಿ ಇರುವ ಗುರುತು (ಗದ್ದ ಮತ್ತು ಮೇಲ್ತುಟಿ ಮೇಲೆ ಒರಟು ಕೂದಲು, ಬಿಡದ ಮೊಡವೆ, ಇಲ್ಲವೇ ರಕ್ತ ಪರೀಕ್ಷೆಯಲ್ಲಿ ಜಾಸ್ತಿ), ಸ್ಕ್ಯಾನ್‌ನಲ್ಲಿ ನೀರಗುಳ್ಳೆಗಳು. ಈ ಮೂರರಲ್ಲಿ ಎರಡು ಇರಬೇಕು. ಅದಕ್ಕಿಂತ ಮುಖ್ಯ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ತರಹದ ಬೇರೆ ಕಾರಣ ಇಲ್ಲ ಅಂತ ನೋಡಿದ ಮೇಲೆ ಹೇಳಬೇಕು. ನೋಡಿದ್ದಾರಾ? ನೀವು ಬರೆದಿದ್ದರಲ್ಲಿ ರಕ್ತ ಪರೀಕ್ಷೆ ಮಾತೇ ಇಲ್ಲ.

ಹಾಗಂತ ನಿಮಗೂ ಥೈರಾಯ್ಡೇ ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಪಿಸಿಒಡಿ ಇರಬಹುದು, ತುಂಬಾ ಜನರಿಗೆ ಇರುತ್ತದೆ. ಇದ್ದರೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ, ಯಾಕೆಂದರೆ ಅವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. ತೂಕ ಜಾಸ್ತಿ ಇರುವವರಿಗೆ ನೂರಕ್ಕೆ ಐದು ಹತ್ತು ಭಾಗ ಇಳಿದರೂ ಮುಟ್ಟು ತಾನಾಗಿ ಸರಿಹೋಗುವುದುಂಟು. ತೆಳ್ಳಗಿರುವವರಿಗೂ ಪಿಸಿಒಡಿ ಇರುತ್ತದೆ, ಅವರು ಊಟ ಬಿಟ್ಟರೆ ಪ್ರಯೋಜನ ಇಲ್ಲ. ಊಟ ಬಿಡುವುದು, ಗಬಕ್ಕನೆ ತೂಕ ಇಳಿಸುವುದು, ವಿಪರೀತ ಚಿಂತೆ, ಇವುಗಳಿಂದಲೂ ಮುಟ್ಟು ನಿಲ್ಲುತ್ತದೆ. ಪಿಸಿಒಡಿ ಅಂದರೆ ಮಕ್ಕಳಾಗಲ್ಲ ಅನ್ನುವ ಮಾತನ್ನು ಮಾತ್ರ ತಲೆಯಿಂದ ತೆಗೆದುಹಾಕಿ. ಮೊಟ್ಟೆ ಬಿಡುಗಡೆ ಆಗಲು ಒಳ್ಳೆಯ ಔಷಧಿಗಳಿವೆ, ಔಷಧಿ ಇಲ್ಲದೆಯೂ ಎಷ್ಟೋ ಜನರಿಗೆ ಆಗುತ್ತದೆ.

ನಿಮ್ಮ ಅಮ್ಮ ಹೇಳುವುದು ನನ್ನ ಅವ್ವ ಹೇಳಿದ್ದೇ, "ಮದುವಿ ಆದ್ರ ಎಲ್ಲಾ ಸರಿ ಹೋಗ್ತದ". ಹೋಗುವುದಿಲ್ಲ. ಮದುವೆಗೂ ಥೈರಾಯ್ಡಿಗೂ ಏನು ಸಂಬಂಧ? ಮದುವೆಯಾದ ಮೇಲೆ ಆಗುವುದು ಒಂದೇ, ಇವತ್ತು ಅಮ್ಮ ಕೇಳುವ ಪ್ರಶ್ನೆಯನ್ನು ನಾಳೆ ಅತ್ತೆ ಕೇಳುತ್ತಾರೆ. ಮುಚ್ಚಿಟ್ಟು ಮದುವೆ ಮಾಡುವುದೂ ಬೇಡ. ನಾನು ನನ್ನ ಗಂಡನಿಗೆ ನೋಡಲು ಬಂದ ದಿನವೇ ಹೇಳಿದೆ, ನನಗೆ ಥೈರಾಯ್ಡ್ ಇದೆ, ದಿನಾ ಗುಳಿಗೆ ತಗೋತೀನಿ ಅಂತ. ಅವರ ಅಕ್ಕನಿಗೂ ಇತ್ತು. ಮಾತು ಅಲ್ಲಿಗೇ ಮುಗಿಯಿತು.

ಈಗ ಮಾಡಬೇಕಾದ್ದು. ನಿಮ್ಮ ವಯಸ್ಸಿಗೆ 21ರಿಂದ 35 ದಿನದ ಅಂತರ ಸರಿ. ಮುಟ್ಟಾದ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ ಎಣಿಸಬೇಕು, ನಿಂತ ದಿನದಿಂದ ಅಲ್ಲ. ಒಂದೆರಡು ದಿನ ಹೆಚ್ಚು ಕಡಿಮೆ ಆದರೆ ಹೆದರಬೇಡಿ. ದೊಡ್ಡವಳಾಗಿ ಒಂದೆರಡು ವರ್ಷ ಆದ ಹುಡುಗಿಗೆ 45 ದಿನವೂ ಸಹಜವೇ, ನಿಮ್ಮ ತಂಗಿ ಇದ್ದರೆ ಅವಳನ್ನು ಸುಮ್ನೆ ಹೆದರಿಸಬೇಡಿ. ನಿಮ್ಮದು 35 ದಾಟಿ ಹೋಗುತ್ತಿದೆ, ಆದ್ದರಿಂದ ತೋರಿಸಿ. ತಾರೀಖು ಬರೆದುಕೊಂಡು ಹೋಗಿ, ತಗೊಂಡ ಪ್ರತಿ ಗುಳಿಗೆಯನ್ನೂ ಪಕ್ಕದಲ್ಲಿ ಬರೆಯಿರಿ. ಖಾಲಿ ಸ್ಟ್ರಿಪ್ ಇದ್ದರೆ ಅದನ್ನೇ ಒಯ್ಯಿರಿ. ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಹಿಮೋಗ್ಲೋಬಿನ್, ಸಕ್ಕರೆ ಮಾಡಿಸಬೇಕಾ ಅಂತ ನೀವೇ ಬಾಯಿ ಬಿಟ್ಟು ಕೇಳಿ. ಗರ್ಭಿಣಿ ಇದ್ದೀರಾ ಅಂತ ಅವರು ಕೇಳಿದರೆ ಸಿಟ್ಟಾಗಬೇಡಿ, ಮುಟ್ಟು ತಪ್ಪಿದ ಎಲ್ಲರಿಗೂ ಮೊದಲು ಅದನ್ನೇ ನೋಡುವುದು. ಮತ್ತೆ ಸ್ಕ್ಯಾನ್ ಅಂದರೆ, ಮದುವೆಯಾಗದವರಿಗೆ ನೀರು ಕುಡಿಸಿ, ಮೂತ್ರ ತಡೆಹಿಡಿಯಲು ಹೇಳಿ, ಹೊಟ್ಟೆ ಮೇಲಿಂದಲೇ ಮಾಡುತ್ತಾರೆ. ಇದೊಂದು ಹೆದರಿಕೆಯಿಂದ ದವಾಖಾನೆಗೇ ಹೋಗದ ಹುಡುಗಿಯರನ್ನು ನಾನು ನೋಡಿದ್ದೇನೆ.

ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ, ತಲೆ ಸುತ್ತಿ ಬೀಳುವಂತಾದರೆ ಬೆಳಗಾಗುವವರೆಗೂ ಕಾಯಬೇಡಿ. ಸರ್ಕಾರಿ ದೊಡ್ಡ ದವಾಖಾನೆ ಅಂದರೆ ಕಲಬುರಗಿಯಲ್ಲಿ ಜಿಮ್ಸ್ ಇದೆ, ಬೀದರ್‌ನಲ್ಲಿ ಬ್ರಿಮ್ಸ್ ಇದೆ.

ಇನ್ನೊಂದು ಮಾತು, ಇದು ನಿಮಗಿಂತ ನಿಮ್ಮ ಮನೆಯ ದೊಡ್ಡ ಹೆಂಗಸರಿಗೆ. ನಮ್ಮ ಕಡೆ ಮುಟ್ಟಿನ ತೊಂದರೆ ಅಂದ ಕೂಡಲೇ "ಚೀಲ ತೆಗೆಸಿಬಿಡು" ಅನ್ನುವವರು ಬಹಳ ಜನ. ನನ್ನ ಸ್ವಂತ ವೈನಿಗೆ ಮೂವತ್ತೈದು ತುಂಬುವ ಮೊದಲೇ ಕ್ಯಾನ್ಸರ್ ಆಗ್ತದ ಅಂತ ಹೆದರಿಸಿ ಗರ್ಭಕೋಶ ತೆಗೆದರು. ಈಗ ಸೊಂಟ ನೋವು ಅಂತ ರೊಟ್ಟಿ ಬಡಿಯಲು ಕೂರಲೂ ಆಗುವುದಿಲ್ಲ. ಕಲಬುರಗಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಗೆ ಬೇಕಿಲ್ಲದೆ ಗರ್ಭಕೋಶ ತೆಗೆದ ದೂರುಗಳ ಬಗ್ಗೆ 2015ರಲ್ಲಿ ಸರ್ಕಾರವೇ ತನಿಖೆ ಮಾಡಿಸಿತ್ತು. ಬೇಡದ ಇಂಥ ಆಪರೇಷನ್ ತಡೆಯಲು 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ಮಾಡಿತು, ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಯಾರಾದರೂ ತೆಗೆಸಿ ಅಂದರೆ ಕಾಗದ ಪತ್ರ ತಗೊಂಡು ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ಒಪ್ಪಬೇಡಿ. ನಲವತ್ತು ದಾಟಿದವರಿಗೆ ಮುಟ್ಟು ಏರುಪೇರಾಗುವುದು ಸಾಮಾನ್ಯ, ಆದರೆ ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು.

ನಿಮಗೂ ಥೈರಾಯ್ಡೇ ಬಂದರೆ, ಆ ಗುಳಿಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ತಗೊಂಡು ಚಹಾಕ್ಕೆ ಕಡಿಮೆ ಅಂದರೂ ಅರ್ಧ ಗಂಟೆ ಕಾಯಬೇಕು. ರಕ್ತ ಹೆಚ್ಚಲು ಕೊಡುವ ಕಬ್ಬಿಣದ ಗುಳಿಗೆಯನ್ನು ಅದರ ಜೊತೆ ನುಂಗಬೇಡಿ, ನಾಲ್ಕು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಥೈರಾಯ್ಡ್ ಗುಳಿಗೆ ಮೈಗೆ ಹತ್ತುವುದಿಲ್ಲ. ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿ ಡೋಸ್ ಸರಿಮಾಡುತ್ತಾರೆ. ನನಗೆ ಕೆಲವು ತಿಂಗಳಲ್ಲಿ ಮುಟ್ಟು ತಾನಾಗಿ ಬಂತು, ಮದುವೆಯಾಗಿ ಮಗಳೂ ಹುಟ್ಟಿದಳು. ಬಸುರಿಯಾದ ಕೂಡಲೇ ಡೋಸ್ ಜಾಸ್ತಿ ಮಾಡಬೇಕಾಗುತ್ತದೆ, ಅದನ್ನು ಆಗಲೇ ಹೋಗಿ ಕೇಳಿ.

ದೊಡ್ಡ ದವಾಖಾನೆಗೆ ಹೋಗುವುದಾದರೆ ಸೋಮವಾರ ಬೇಡ, ಗದ್ದಲ ಜಾಸ್ತಿ, ಯಾರಿಗೂ ಕೂತು ಕೇಳಲು ಪುರುಸೊತ್ತು ಇರುವುದಿಲ್ಲ. ಮಂಗಳವಾರ ಬೆಳಿಗ್ಗೆ ಬೇಗ ಹೋಗಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಅವರು ಕೇಳಲಿ.