ತಾಟು ತೊಳೆಯುವ ನೀರು, ಎಸೆಯುವ ತಟ್ಟೆಯ ಲೆಕ್ಕ

ಪ್ರಶ್ನೆ: ಬರುವ ತಿಂಗಳು ನಮ್ಮ ಮನೆಯಲ್ಲಿ ಮಗಳ ಕುಬಸದ ಕಾರ್ಯಕ್ರಮವಿದ್ದು, ಸುಮಾರು ಇನ್ನೂರು ಮಂದಿ ಊಟಕ್ಕೆ ಬರುತ್ತಾರೆ. ನಮ್ಮ ಓಣಿಗೆ ನಲ್ಲಿ ನೀರು ಬರುವುದೇ ಎಂಟು–ಹತ್ತು ದಿನಕ್ಕೊಮ್ಮೆ. ಇಂಥಲ್ಲಿ ಸ್ಟೀಲ್ ತಾಟು ತೊಳೆಯುತ್ತ ಕೂರುವುದಕ್ಕಿಂತ ಕಾಗದದ ತಟ್ಟೆ, ಕಟ್ಟಿಗೆಯ ಚಮಚ ತರುವುದೇ ಪರಿಸರಕ್ಕೆ ಒಳ್ಳೆಯದೆಂದು ಅಳಿಯಂದಿರು ಹೇಳುತ್ತಾರೆ. ಇದು ನಿಜವೇ?
— ಓದುಗರೊಬ್ಬರು, ಗದಗ–ಬೆಟಗೇರಿ

ಉತ್ತರ: ನೀರಿನ ಬಗ್ಗೆ ಅಳಿಯಂದಿರ ಚಿಂತೆ ಸರಿಯಾದದ್ದೇ, ಕಾಗದದ ತಟ್ಟೆಯ ಬಗ್ಗೆ ಅವರ ನಂಬಿಕೆ ಮಾತ್ರ ಸರಿಯಲ್ಲ. ಅಂಗಡಿಯಲ್ಲಿ ಕಾಗದದ್ದೆಂದು ಮಾರುವ ಬೆಳ್ಳಿ ಬಣ್ಣದ ತಟ್ಟೆಯ ಒಂದು ಚೂರನ್ನು ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆಯಿಟ್ಟು ಬೆಳಿಗ್ಗೆ ತಿಕ್ಕಿ ನೋಡಿ: ಕಾಗದ ಮುದ್ದೆಯಾಗಿ ಬಿಟ್ಟುಹೋಗುತ್ತದೆ, ಹೊಳೆಯುವ ತೆಳು ಹಾಳೆ ಹಾಗೆಯೇ ಉಳಿಯುತ್ತದೆ. ಎಣ್ಣೆಗಾಯಿಯ ಎಣ್ಣೆ ಕೆಳಗಿಳಿಯದಂತೆ ತಡೆಯುವುದು ಆ ಪ್ಲಾಸ್ಟಿಕ್ ಹಾಳೆಯೇ. ಅದು ಅಂಟಿರುವುದರಿಂದ ತಟ್ಟೆ ಗೊಬ್ಬರವೂ ಆಗುವುದಿಲ್ಲ, ರದ್ದಿಯವರೂ ಒಯ್ಯುವುದಿಲ್ಲ. ನಮ್ಮ ರಾಜ್ಯವು 2016ರಲ್ಲಿ, ಕೇಂದ್ರವು 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿದವು. ಆದರೆ ಕೇಂದ್ರದ ಪಟ್ಟಿಯಲ್ಲಿ ಇಂಥ ಒಳಪದರದ ಕಾಗದದ ತಟ್ಟೆ ಸೇರಿರಲಿಲ್ಲ. ಊಟದ ರುಚಿ ಹತ್ತಿದ ಈ ತಟ್ಟೆಗಳನ್ನು ಮಂಗಲ ಕಾರ್ಯಾಲಯಗಳ ಹಿಂದೆ ಬೀಡಾಡಿ ದನಗಳು ಮೇಯುವುದನ್ನು ತಾವೂ ನೋಡಿರಬಹುದು.

ಸ್ಟೀಲಿನ ತಾಟೇನೂ ಪುಕ್ಕಟೆಯಾಗಿ ಬಂದದ್ದಲ್ಲ. ಅದಕ್ಕೆ ಬೇಕಾದ ಕ್ರೋಮಿಯಂ ಅದಿರನ್ನು ಒಡಿಶಾದ ಸುಕಿಂದಾ ಕಣಿವೆಯಲ್ಲಿ ಅಗೆಯುತ್ತಾರೆ, ಅಲ್ಲಿನ ನೀರು ಅದರಿಂದ ಕೆಟ್ಟಿದೆ. ಅದಿರು ಕರಗಿಸಲು ಬೇಕಾಗುವ ವಿದ್ಯುತ್ತೂ ಅಪಾರ. ಒಂದೇ ಊಟದ ಲೆಕ್ಕ ಹಿಡಿದರೆ ಸ್ಟೀಲ್ ಸೋಲುತ್ತದೆ. ಆದರೆ ಶಾಮಿಯಾನದ ಅಂಗಡಿಯಿಂದ ಬಾಡಿಗೆಗೆ ಬರುವ ತಾಟು ವರ್ಷಗಟ್ಟಲೆ ಊರೂರು ತಿರುಗಿ ನೂರಾರು ಪಂಕ್ತಿ ಕಂಡಿರುತ್ತದೆ, ಸವೆದ ಮೇಲೆ ಮತ್ತೆ ಕುಲುಮೆಗೇ ಹೋಗುತ್ತದೆ.

ಇನ್ನು ನೀರು. ವಿದೇಶದ ಲೆಕ್ಕಗಳಲ್ಲಿ ತೊಳೆಯುವ ಪಾತ್ರೆಗೆ ಹೆಚ್ಚಿನ ಹೊರೆ ಬೀಳುವುದು ಯಂತ್ರದಲ್ಲಿ ನೀರು ಕಾಯಿಸುವುದರಿಂದ. ತಣ್ಣೀರಿನಲ್ಲಿ ತಿಕ್ಕುವ ನಮಗೆ ಆ ಲೆಕ್ಕ ಹೊಂದುವುದಿಲ್ಲ. ನಲ್ಲಿ ಬಿಟ್ಟುಕೊಂಡು ಒಂದೊಂದು ತಾಟಿಗೆ ಅರ್ಧ ನಿಮಿಷ ಹಿಡಿದರೆ ಇನ್ನೂರಕ್ಕೆ ಆರೇಳು ನೂರು ಲೀಟರ್ ಬೇಕಾದೀತು. ಅದರ ಬದಲು ಎಂಜಲನ್ನು ಮೊದಲೇ ಒರೆಸಿ ತೆಗೆದು, ನಲವತ್ತು ಲೀಟರಿನ ಮೂರು ಬುಟ್ಟಿಗಳಲ್ಲಿ ಅದ್ದಿ, ತಿಕ್ಕಿ, ಜಾಲಿಸಿ, ನಡುವೆ ಒಮ್ಮೆ ನೀರು ಬದಲಿಸಿದರೆ ಇನ್ನೂರ ನಲವತ್ತು ಲೀಟರಿಗೆ ಕೆಲಸ ಮುಗಿಯುತ್ತದೆ. ಕಾಗದವೂ ನೀರಿಲ್ಲದೆ ಆಗುವುದಿಲ್ಲ. ದಾಂಡೇಲಿಯ ಕಾಗದದ ಗಿರಣಿ ಕಾಳಿ ನದಿಯ ದಡದಲ್ಲಿರುವುದು ಸುಮ್ಮನೆ ಅಲ್ಲ. ಆ ನೀರು ನಮ್ಮ ಓಣಿಯದಲ್ಲವಾದ್ದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಅಷ್ಟು ನೀರೂ ಇಲ್ಲವೆಂದಾದರೆ ಮುತ್ತುಗದ ಎಲೆಯ ಪತ್ರಾವಳಿ ಅಥವಾ ಶಿರಸಿ ಕಡೆಯ ಅಡಿಕೆ ಹಾಳೆಯ ತಟ್ಟೆ ತನ್ನಿ. ಕೆಳಭಾಗಕ್ಕೆ ಪ್ಲಾಸ್ಟಿಕ್ ಹಚ್ಚಿದ ಪತ್ರಾವಳಿಯೂ ಪೇಟೆಯಲ್ಲಿದೆ, ತಿರುವಿ ನೋಡಿ ಕೊಳ್ಳಿ. ಊಟವಾದ ಮೇಲೆ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಹಾಕದೆ ಯಾರದಾದರೂ ಹೊಲದ ತಿಪ್ಪೆಗೆ ಸೇರಿಸಿ. ಚಮಚದ ಮಾತಿಗೆ ಬಂದರೆ, ರೊಟ್ಟಿ–ಪಲ್ಯಕ್ಕೆ ಅದು ಯಾರಿಗೂ ಬೇಡ. ಗೋಧಿ ಹುಗ್ಗಿಗೆ ಕೇಳುವವರಿಗೆ ಬಾಡಿಗೆಯ ಐವತ್ತು ಸ್ಟೀಲ್ ಚಮಚ ಸಾಕು, ಅವನ್ನು ತೊಳೆಯಲು ಎರಡು ಬಕೆಟ್ ನೀರು ಸಾಲುತ್ತದೆ.