ನ್ಯೂಟನ್-ರಾಫ್ಸನ್ ಕಲಿತು ಏನು ಪ್ರಯೋಜನ ಎಂದು ಕೇಳಿದವರಿಗೆ

ನೀವು ಕೇಳಿರುವುದು ಇಷ್ಟು: ಬಿ.ಎಸ್ಸಿ. ಎರಡನೇ ವರ್ಷದಲ್ಲಿ ನ್ಯೂಟನ್-ರಾಫ್ಸನ್‌ನಂಥ ಪುನರಾವರ್ತನ ವಿಧಾನಗಳೆಂದು (ಅಂದಾಜೊಂದನ್ನು ಮತ್ತೆ ಮತ್ತೆ ತಿದ್ದುತ್ತಾ ಉತ್ತರಕ್ಕೆ ಹತ್ತಿರವಾಗುವುದು) ಪುಟಗಟ್ಟಲೆ ಲೆಕ್ಕ ಮಾಡಿಸುತ್ತಾರೆ. ಕ್ಯಾಲ್ಕುಲೇಟರಿನ ಗುಂಡಿ ಒತ್ತಿದರೆ ಬರುವ ಉತ್ತರಕ್ಕೆ ಇಷ್ಟೆಲ್ಲ ಯಾಕೆ? ಮೆದುಳಿನ ಕಾಯಿಲೆಯ ಸಂಶೋಧನೆಗೂ ಹೊಸ ಬ್ಯಾಟರಿಗಳ ಹುಡುಕಾಟಕ್ಕೂ ಇದೇ ಗಣಿತ ಆಧಾರ ಎಂದು ಮೇಷ್ಟ್ರು ಹೇಳಿದರಂತೆ. ನಿಜವೋ, ತರಗತಿಯಲ್ಲಿ ನಿದ್ದೆ ಹೋಗದಿರಲಿ ಎಂದು ಹೇಳಿದ್ದೋ?

ನಿಜ. ನಾನೂ ಪದವಿ ಕಾಲೇಜಿನಲ್ಲಿ ಹದಿನಾರು ವರ್ಷ ಇದೇ ಪಾಠ ಮಾಡಿದವನು, ಹಾಗಾಗಿ ನಿಮ್ಮ ಬೇಸರಕ್ಕೆ ನನ್ನದೂ ಒಂದು ಪಾಲಿದೆ. ನಾವು ಮಾಡುವ ತಪ್ಪು ಏನೆಂದರೆ, ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನೇ ಕೊಟ್ಟು, ನಾಲ್ಕು ದಶಮಾಂಶ ಸ್ಥಾನ ಬಂದ ಕೂಡಲೇ ಅಡಿಗೆರೆ ಎಳೆಸಿಬಿಡುತ್ತೇವೆ. ಎಲ್ಲಿ ನಿಲ್ಲಿಸಬೇಕು ಎಂಬುದೇ ಈ ವಿದ್ಯೆಯ ಕಷ್ಟದ ಭಾಗ. ಅದನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯೇ ತೀರ್ಮಾನಿಸಿರುತ್ತದೆ.

ಮೊದಲು 2ರ ವರ್ಗಮೂಲ. ಅಂದಾಜು 3/2 ಎಂದುಕೊಳ್ಳಿ. 2ನ್ನು ಅದರಿಂದ ಭಾಗಿಸಿದರೆ 4/3. ಒಂದು ಹೆಚ್ಚು, ಇನ್ನೊಂದು ಕಡಿಮೆ, ಹಾಗಾಗಿ ಸರಾಸರಿ ತೆಗೆದರೆ 17/12. ಅದನ್ನೇ ಅಂದಾಜಾಗಿ ಇಟ್ಟುಕೊಂಡು ಮತ್ತೊಮ್ಮೆ ಮಾಡಿದರೆ 577/408, ಅಂದರೆ 1.414215 ಚಿಲ್ಲರೆ. ನಿಜವಾದ ಬೆಲೆ 1.414213 ಚಿಲ್ಲರೆ. ಎರಡೇ ಸುತ್ತಿಗೆ ಐದು ದಶಮಾಂಶ ಸ್ಥಾನ ಸರಿಬಂತು. ವರ್ಗಮೂಲಕ್ಕೆ ಹಚ್ಚಿದಾಗ ನಿಮ್ಮ ನ್ಯೂಟನ್-ರಾಫ್ಸನ್ ಎಂದರೆ ಇದೇ. ಈಗ ಯಜ್ಞವೇದಿಯ ಅಳತೆಗಳನ್ನು ಹೇಳುವ ಪ್ರಾಚೀನ ಗ್ರಂಥವಾದ ಬೌಧಾಯನ ಶುಲ್ಬಸೂತ್ರದ ನಿಯಮ ನೋಡಿ: ಅಳತೆಗೆ ಅದರ ಮೂರನೇ ಒಂದನ್ನು ಸೇರಿಸು, ಆ ಮೂರನೇ ಒಂದರ ಕಾಲುಭಾಗವನ್ನು ಸೇರಿಸು, ಆ ಕಾಲುಭಾಗದ ಮೂವತ್ತನಾಲ್ಕನೇ ಒಂದನ್ನು ಕಳೆ. ಒಂದು, ಮೂರನೇ ಒಂದು, ಹನ್ನೆರಡನೇ ಒಂದು ಕೂಡಿದರೆ 17/12. ಅದರಲ್ಲಿ 408ನೇ ಒಂದನ್ನು ಕಳೆದರೆ 577/408. ಅದೇ ಸಂಖ್ಯೆ! ಸೂತ್ರದಲ್ಲಿರುವುದು ಉತ್ತರ ಮಾತ್ರ, ನಡೆದ ದಾರಿಯನ್ನು ಅದು ಹೇಳುವುದಿಲ್ಲ. ಆದ್ದರಿಂದ ನ್ಯೂಟನ್‌ಗಿಂತ ಮೊದಲೇ ನಾವು ಎಂದು ಎದೆ ತಟ್ಟಿಕೊಳ್ಳುವ ಅವಸರ ಬೇಡ. ಯಜ್ಞವೇದಿಗೆ ಇಟ್ಟಿಗೆ ಜೋಡಿಸುವವರಿಗೆ ಇಷ್ಟು ನಿಖರತೆ ಸಾಕಾಗಿತ್ತು, ಅಲ್ಲಿಗೆ ನಿಲ್ಲಿಸಿದರು.

ಇನ್ನು ಮೆದುಳಿಗೆ ಬರೋಣ. ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ಸಿ.ಟಿ. ಸ್ಕ್ಯಾನ್ ಮಾಡಿಸಬೇಕಾಯಿತು. ಹೊರಗಿನ ಬೆಂಚಿನ ಮೇಲೆ ಕುಳಿತವನಿಗೆ ಕೈ ಸುಮ್ಮನಿರಲಿಲ್ಲ, ರಸೀದಿಯ ಹಿಂಬದಿಯಲ್ಲಿ ಒಂದು ಲೆಕ್ಕ ಮಾಡಿದೆ. ಅದನ್ನೇ ನಿಮಗೂ ಕೊಡುತ್ತೇನೆ.

ಚೌಕಾಬಾರದ ಹಾಸಿನಂತೆ ಮನೆಗಳನ್ನು ಬರೆಯಿರಿ, ಆದರೆ ನಾಲ್ಕೇ ಮನೆ: ಮೇಲೆ ಎರಡು, ಕೆಳಗೆ ಎರಡು. ಪ್ರತಿ ಮನೆಯಲ್ಲೂ ಒಂದು ಸಂಖ್ಯೆ ಅಡಗಿದೆ. ನಮಗೆ ಒಳಗೆ ಇಣುಕಲು ಬಿಡುವುದಿಲ್ಲ, ಮೊತ್ತಗಳನ್ನು ಮಾತ್ರ ಹೇಳುತ್ತಾರೆ. ಮೇಲಿನ ಸಾಲಿನ ಮೊತ್ತ 5, ಕೆಳಗಿನದು 9. ಎಡಗಂಬ 8, ಬಲಗಂಬ 6. ಮೇಲಿನ ಎಡದಿಂದ ಕೆಳಗಿನ ಬಲಕ್ಕೆ ಹೋಗುವ ಕರ್ಣ 3, ಇನ್ನೊಂದು ಕರ್ಣ 11. ಎಕ್ಸ್-ಕಿರಣ ಮಾಡುವುದೂ ಇಷ್ಟೇ. ತಲೆಯ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬಂದಾಗ, ದಾರಿಯುದ್ದಕ್ಕೂ ಒಟ್ಟು ಎಷ್ಟು ತಡೆ ಸಿಕ್ಕಿತು ಎಂಬುದನ್ನು ಮಾತ್ರ ಅದು ಹೇಳಬಲ್ಲದು. ಎಲ್ಲಿ ಸಿಕ್ಕಿತು ಎಂದು ಹೇಳಲಾರದು.

ಎಲ್ಲ ಮನೆಗೂ ಸೊನ್ನೆ ಹಾಕಿ ಹೊರಡೋಣ. ಮೇಲಿನ ಸಾಲಿಗೆ 5 ಬೇಕು, ಸಮನಾಗಿ ಹಂಚಿದರೆ ತಲಾ 2.5. ಕೆಳಗಿನ ಸಾಲಿಗೆ ತಲಾ 4.5. ಈಗ ಎಡಗಂಬ ಕೂಡಿದರೆ 7, ಬೇಕಾದ್ದು 8, ಆದ್ದರಿಂದ ಅದರ ಎರಡೂ ಮನೆಗೆ ಅರ್ಧರ್ಧ ಸೇರಿಸಿ. ಬಲಗಂಬದಲ್ಲಿ ಒಂದು ಹೆಚ್ಚಾಗಿದೆ, ಅರ್ಧರ್ಧ ಕಳೆಯಿರಿ. ಮೇಲೆ 3, 2 ಮತ್ತು ಕೆಳಗೆ 5, 4 ಆಯಿತು. ಮೊದಲ ಕರ್ಣ 7 ಬರುತ್ತಿದೆ, ಬೇಕಾದ್ದು 3, ತಲಾ ಎರಡು ಕಳೆಯಿರಿ. ಇನ್ನೊಂದು ಕರ್ಣವೂ 7, ಬೇಕಾದ್ದು 11, ತಲಾ ಎರಡು ಸೇರಿಸಿ. ಮೇಲೆ 1, 4. ಕೆಳಗೆ 7, 2. ಎಲ್ಲ ಮೊತ್ತಗಳೂ ತಾಳೆಯಾಗುತ್ತವೆ, ನೋಡಿಕೊಳ್ಳಿ.

ನಾಲ್ಕೇ ಮನೆ ಇದ್ದುದರಿಂದ ಒಂದೇ ಸುತ್ತಿಗೆ ಮುಗಿಯಿತು. ಇಲ್ಲಿ ಕಂಬವನ್ನು ತಿದ್ದಿದರೆ ಸಾಲು ಕೆಡುವುದಿಲ್ಲ. ಮನೆಗಳು ಸಾವಿರಗಟ್ಟಲೆಯಾಗಿ, ಕಿರಣಗಳು ಓರೆಕೋರೆಯಾಗಿ ಹಾಯುವಾಗ ಈ ಅದೃಷ್ಟ ಇರುವುದಿಲ್ಲ. ನಮ್ಮ ಅಜ್ಜ ವರ್ಷಕ್ಕೊಮ್ಮೆ ನವಾರಿನ ಮಂಚ ಬಿಗಿಯುತ್ತಿದ್ದರು. ಒಂದು ಪಟ್ಟಿ ಜಗ್ಗಿದರೆ ಪಕ್ಕದ್ದು ಸಡಿಲವಾಗುತ್ತಿತ್ತು, ಅದನ್ನು ಜಗ್ಗಿದರೆ ಮೊದಲಿನದು ಒಂದಿಷ್ಟು ಬಿಡುತ್ತಿತ್ತು. ಬೇಸರಪಡದೆ ಮಂಚದ ಸುತ್ತ ಮೂರು ನಾಲ್ಕು ಬಾರಿ ಬರುತ್ತಿದ್ದರು, ಪ್ರತಿ ಸುತ್ತಿಗೂ ಜಗ್ಗುವುದು ಕಡಿಮೆಯಾಗುತ್ತಿತ್ತು. ದೊಡ್ಡ ಲೆಕ್ಕದಲ್ಲಿ ನಡೆಯುವುದು ಇದೇ. ಹೀಗೆ ಸುತ್ತಿದರೆ ಕೊನೆಗೆ ಎಲ್ಲ ಪಟ್ಟಿಗಳೂ ಬಿಗಿಯಾಗುತ್ತವೆ ಎಂದು ಪೋಲೆಂಡಿನ ಸ್ಟೀಫನ್ ಕಚ್‌ಮಾಜ್ 1937ರಲ್ಲಿ ತೋರಿಸಿದರು. ಮೂರು ಪುಟದ ಪುಟ್ಟ ಲೇಖನ. ಅವರನ್ನು ಎರಡನೇ ಮಹಾಯುದ್ಧ ನುಂಗಿತು. ಆ ಮೂರು ಪುಟಗಳಿಂದ ಮುಂದೆ ತಲೆಬುರುಡೆಯೊಳಗೆ ಇಣುಕಬಹುದೆಂದು ತಿಳಿಯುವಷ್ಟು ಕಾಲ ಅವರು ಬದುಕಲಿಲ್ಲ. 1970ರಲ್ಲಿ ಗಾರ್ಡನ್, ಬೆಂಡರ್, ಹರ್ಮನ್ ಎಂಬ ಮೂವರು ಇದನ್ನೇ ಮತ್ತೆ ಹೊಸದಾಗಿ ಕಂಡುಕೊಂಡರು.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ, ಮೆದುಳಿನ ಮುಂಭಾಗದಲ್ಲಿ ಗಡ್ಡೆಯಿದೆಯೆಂಬ ಅನುಮಾನವಿದ್ದ ಮಹಿಳೆಯೊಬ್ಬರು ಮೊದಲ ಬಾರಿಗೆ ಸಿ.ಟಿ. ಯಂತ್ರದೊಳಗೆ ತಲೆಯಿಟ್ಟರು. ಯಂತ್ರ ಕಟ್ಟಿದವರು ಗಾಡ್‌ಫ್ರೆ ಹೌನ್ಸ್‌ಫೀಲ್ಡ್. 180 ಕೋನಗಳಿಂದ ತಲಾ 160 ಅಳತೆ, ಅಂದರೆ 28,800 ಮೊತ್ತಗಳು. ಚಿತ್ರದಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 80, ಒಟ್ಟು 6,400 ಮನೆಗಳು. ನಮ್ಮ ನಾಲ್ಕು ಮನೆಯ ಆಟದ ದೊಡ್ಡಣ್ಣ ಅಷ್ಟೇ, ಲೆಕ್ಕವೂ ಹೀಗೆಯೇ ತಿದ್ದುತ್ತಾ ಸಾಗಿದ್ದು. ಹೌನ್ಸ್‌ಫೀಲ್ಡ್‌ಗೆ 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು. ಅಷ್ಟರೊಳಗೆ, ಎಪ್ಪತ್ತರ ದಶಕದಲ್ಲೇ, ಒಂದೇ ಏಟಿಗೆ ಉತ್ತರ ಕೊಡುವ ಸೂತ್ರ ಬಳಕೆಗೆ ಬಂದು ಈ ಸುತ್ತುವ ವಿಧಾನ ದಶಕಗಳ ಕಾಲ ಮೂಲೆ ಸೇರಿತು, ಆಗಿನ ಕಂಪ್ಯೂಟರುಗಳಿಗೆ ಅದು ಭಾರವಾಗಿತ್ತು. 2009ರ ಆಸುಪಾಸಿನಲ್ಲಿ ಅದು ಆಸ್ಪತ್ರೆಗಳಿಗೆ ಮರಳಿತು. ಕಾರಣ ಸರಳ: ರೋಗಿಗೆ ಕಡಿಮೆ ಎಕ್ಸ್-ಕಿರಣ ಕೊಟ್ಟು, ಅಳತೆ ಮಸುಕಾದರೂ ಚಿತ್ರ ಚೆನ್ನಾಗಿ ತೆಗೆಯಬಹುದು. ಅದೇ 2009ರಲ್ಲಿ ಸ್ಟ್ರೋಮರ್ ಮತ್ತು ವರ್ಶಿನಿನ್ ಎಂಬಿಬ್ಬರು, ಸಮೀಕರಣಗಳನ್ನು ಕ್ರಮವಾಗಿ ಅಲ್ಲದೆ ಚೀಟಿ ಎತ್ತಿದಂತೆ ಆರಿಸಿಕೊಂಡು ತಿದ್ದಿದರೆ ತಪ್ಪು ಎಷ್ಟು ಬೇಗ ಕರಗುತ್ತದೆ ಎಂಬುದನ್ನು ಅಚ್ಚುಕಟ್ಟಾಗಿ ಸಾಧಿಸಿದರು. ಹಳೆಯ ಮೂರು ಪುಟಕ್ಕೆ ಮರುಜೀವ ಬಂದಂತಾಯಿತು.

ನಿಲ್ಲಿಸುವ ಮಾತು ಹೇಳಿದೆನಲ್ಲ, ಅದು ಕಾಣುವುದು ಇಲ್ಲಿ. ನಿಜವಾದ ಅಳತೆಗಳಲ್ಲಿ ಗದ್ದಲ, ಅಂದರೆ ಗೊತ್ತುಗುರಿಯಿಲ್ಲದ ಸಣ್ಣಪುಟ್ಟ ತಪ್ಪು, ಬೆರೆತಿರುತ್ತದೆ. ಮೊದಲ ಸುತ್ತುಗಳಲ್ಲಿ ಚಿತ್ರ ತಿಳಿಯಾಗುತ್ತಾ ಹೋಗುತ್ತದೆ. ಒಂದು ಹಂತ ದಾಟಿದ ಮೇಲೆ ಲೆಕ್ಕ ಆ ಗದ್ದಲಕ್ಕೂ ತಾಳೆ ಹಾಕಲು ಹೊರಡುತ್ತದೆ, ಚಿತ್ರ ಮತ್ತೆ ಕೆಡುತ್ತದೆ. ಮೊತ್ತಗಳಿಗೆ ಇನ್ನೂ ಹತ್ತಿರವಾಗುತ್ತಲೇ ಸತ್ಯದಿಂದ ದೂರವಾಗುವುದು ಎಂದರೆ ಇದು! ಅಜ್ಜನೂ ಮಂಚವನ್ನು ಅಷ್ಟಕ್ಕೇ ಬಿಡುತ್ತಿದ್ದರು, ಇನ್ನೂ ಜಗ್ಗಿದರೆ ಚೌಕಟ್ಟೇ ಸೊಟ್ಟಗಾಗುತ್ತದೆ ಎಂದು.

ಎಂ.ಆರ್.ಐ. ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಪಾರ್ಕಿನ್ಸನ್ ಕಾಯಿಲೆಯ ನಡುಕ ಇರುವವರನ್ನು ಆ ಕೊಳವೆಯೊಳಗೆ ಅಲುಗಾಡದೆ ಮಲಗಿಸುವುದು ಎಷ್ಟು ಕಷ್ಟವೆಂದು ಮನೆಯಲ್ಲಿ ಅಂಥವರಿದ್ದರೆ ಗೊತ್ತಿರುತ್ತದೆ. ಅಳತೆಗಳನ್ನೇ ಕಡಿಮೆ ಮಾಡಿ, ಬಿಟ್ಟುಹೋದದ್ದನ್ನು ಪುನರಾವರ್ತನೆಯಿಂದ ತುಂಬಿಕೊಳ್ಳಬಹುದು ಎಂದು 2007ರಲ್ಲಿ ಲುಸ್ಟಿಗ್, ಡೊನೊಹೊ, ಪೌಲಿ ತೋರಿಸಿದರು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇಂಥ ಯಂತ್ರಗಳಿಗೆ ಒಪ್ಪಿಗೆ ಕೊಟ್ಟರು. ಅದೇ ಪಾರ್ಕಿನ್ಸನ್‌ಗೆ ಮೆದುಳಿನೊಳಗೆ ವಿದ್ಯುತ್ ತಂತಿ ಇಟ್ಟು ಪ್ರಚೋದಿಸುವ ಚಿಕಿತ್ಸೆಯೂ ಇದೆ. ಮೆದುಳಿನ ಅಲೆಗಳನ್ನು ತಾನೇ ಆಲಿಸಿ, ಪ್ರಚೋದನೆಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವ ಸಾಧನಕ್ಕೆ ಅಮೆರಿಕದಲ್ಲಿ 2025ರ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ಪಠ್ಯದ ಅರ್ಥದಲ್ಲಿ ಇದು ಪುನರಾವರ್ತನೆ ಅಲ್ಲ, ಏಕೆಂದರೆ ಇಲ್ಲಿ ಉತ್ತರವೇ ಗಳಿಗೆಗೊಂದು ಕಡೆ ಸರಿಯುತ್ತಿರುತ್ತದೆ. ಆದರೂ ಅಳೆ, ತಿದ್ದು, ಮತ್ತೆ ಅಳೆ ಎಂಬ ನಡೆ ಒಂದೇ.

ಬ್ಯಾಟರಿಯಲ್ಲಿ ಇದು ಎರಡು ಕಡೆ ಬರುತ್ತದೆ. ಒಂದು ನಿಮ್ಮ ಮನೆಯ ಮುಂದೆಯೇ ನಿಂತಿರಬಹುದು. ನನ್ನ ವಿದ್ಯುತ್ ಸ್ಕೂಟರ್ ಒಮ್ಮೆ ಶೇ. 22 ಎಂದು ತೋರಿಸುತ್ತಿದ್ದದ್ದು ಏರು ಹತ್ತುವಾಗ ಇದ್ದಕ್ಕಿದ್ದಂತೆ ಶೇ. 9 ಎಂದಿತು, ಮನೆಯವರೆಗೆ ತಳ್ಳಿಕೊಂಡು ಬಂದೆ. ಪೆಟ್ರೋಲ್ ಟ್ಯಾಂಕಿನಲ್ಲಾದರೆ ತೇಲುವ ಬುರುಡೆ ಇರುತ್ತದೆ, ಬ್ಯಾಟರಿಯಲ್ಲಿ ಅಂಥದ್ದೇನೂ ಇಲ್ಲ. ಆ ಶೇಕಡಾವಾರು ಎಂಬುದು ಒಂದು ಅಂದಾಜು. ವೋಲ್ಟೇಜು, ಕರೆಂಟು ನೋಡಿ ಕ್ಷಣಕ್ಷಣಕ್ಕೂ ಅದನ್ನು ತಿದ್ದಬೇಕು. 1960ರಲ್ಲಿ ಕಾಲ್ಮನ್ ಕೊಟ್ಟ ವಿಧಾನ ಈ ಕೆಲಸದಲ್ಲಿ ಹೆಸರುವಾಸಿ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳಲ್ಲಂತೂ ಫಜೀತಿ ಹೆಚ್ಚು. ಮುಕ್ಕಾಲು ತುಂಬಿದ್ದರೂ ಕಾಲು ತುಂಬಿದ್ದರೂ ವೋಲ್ಟೇಜು 3.2, 3.3ರ ಆಸುಪಾಸಿನಲ್ಲೇ ಮಲಗಿರುತ್ತದೆ. ಈ ವಸ್ತುವನ್ನು ಜಗತ್ತಿಗೆ ಪರಿಚಯಿಸಿದ 1997ರ ಲೇಖನದ ಕರ್ತೃಗಳು ಪಾಢಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಗುಡ್‌ಎನಫ್. ನಡುವಿನ ಹೆಸರು ಓದಿದಾಗ ಕನ್ನಡಿಗರ ಕಿವಿ ನಿಮಿರುವುದು ಸಹಜ.

ಇನ್ನೊಂದು ಪ್ರಯೋಗಾಲಯದೊಳಗಿನ ಕಥೆ. ಹೊಸ ವಸ್ತುವೊಂದು ಬ್ಯಾಟರಿಗೆ ಆಗಿಬರುತ್ತದೆಯೇ ಎಂದು ತಯಾರಿಸುವ ಮೊದಲೇ ಲೆಕ್ಕ ಹಾಕಲು, ಅದರಲ್ಲಿ ಎಲೆಕ್ಟ್ರಾನುಗಳು ಹೇಗೆ ಹರಡಿಕೊಂಡಿವೆ ಎಂದು ತಿಳಿಯಬೇಕು. ಹರಡಿಕೆ ಗೊತ್ತಾಗಲು ಅವುಗಳ ಮೇಲಿನ ಬಲ ಗೊತ್ತಿರಬೇಕು, ಬಲ ಗೊತ್ತಾಗಲು ಹರಡಿಕೆ ಗೊತ್ತಿರಬೇಕು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು! ಕೋನ್ ಮತ್ತು ಶಾಮ್ 1965ರಲ್ಲಿ ಕೊಟ್ಟ ಸಮೀಕರಣಗಳನ್ನು ಬಿಡಿಸಲು ಇರುವ ಉಪಾಯ ನಿಮ್ಮ ಪಠ್ಯದ್ದೇ: ಒಂದು ಹರಡಿಕೆ ಊಹಿಸು, ಬಲ ಲೆಕ್ಕ ಹಾಕು, ಹೊಸ ಹರಡಿಕೆ ಪಡೆ, ಮತ್ತೆ ಮಾಡು. ಇಲ್ಲಿ ಒಂದು ಸೂಕ್ಷ್ಮ. ಹಳೆಯದನ್ನು ಪೂರ್ತಿ ಎಸೆದು ಹೊಸದನ್ನು ಹಾಕಿಕೊಂಡರೆ, ಅನೇಕ ವೇಳೆ ತುಂಬಿದ ಕೊಡ ಹೊತ್ತು ಓಡಿದಂತೆ ಎಲೆಕ್ಟ್ರಾನುಗಳು ಆ ದಡಕ್ಕೂ ಈ ದಡಕ್ಕೂ ತುಳುಕುತ್ತವೆ, ಲೆಕ್ಕ ನೆಲೆ ನಿಲ್ಲುವುದಿಲ್ಲ. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಬೇಕು, ಹಾಲಿಗೆ ಹೆಪ್ಪು ಹಾಕಿದಂತೆ.

ಇದರ ಮೇಲೆ ಇನ್ನೂ ದೊಡ್ಡ ಸುತ್ತುಗಳನ್ನು ಈಗ ಕಟ್ಟಿದ್ದಾರೆ. 2023ರ ನವೆಂಬರಿನಲ್ಲಿ ಗೂಗಲ್ ಡೀಪ್‌ಮೈಂಡ್ 22 ಲಕ್ಷ ಹೊಸ ಹರಳುಗಳನ್ನು ಊಹಿಸಿ, ಅದರಲ್ಲಿ ಸುಮಾರು 3 ಲಕ್ಷ 80 ಸಾವಿರ ಸ್ಥಿರವಾಗಿರಬಹುದು ಎಂದಿತು. ಯಂತ್ರ ಊಹಿಸುವುದು, ಮೇಲಿನ ಲೆಕ್ಕದಿಂದ ಪರೀಕ್ಷಿಸುವುದು, ಫಲಿತಾಂಶವನ್ನು ಮತ್ತೆ ಯಂತ್ರಕ್ಕೆ ಕಲಿಸುವುದು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ 3 ಕೋಟಿ 20 ಲಕ್ಷಕ್ಕೂ ಹೆಚ್ಚು ಸಾಧ್ಯತೆಗಳನ್ನು ಜಾಲಿಸಿ 18ಕ್ಕೆ ಇಳಿಸಿದವು. ಕೊನೆಗೆ ಲಿಥಿಯಂನ ಬಹುಪಾಲನ್ನು ಸೋಡಿಯಂನಿಂದ ತುಂಬಿದ ಒಂದು ಘನ ಎಲೆಕ್ಟ್ರೊಲೈಟನ್ನು (ಬ್ಯಾಟರಿಯ ಎರಡು ಧ್ರುವಗಳ ನಡುವೆ ಅಯಾನುಗಳನ್ನು ಸಾಗಿಸುವ ವಸ್ತು) ತಯಾರಿಸಿಯೇ ತೋರಿಸಿದವು. ನನಗೆ ಎರಡನೆಯದರ ಮೇಲೆ ಗೌರವ ಹೆಚ್ಚು, ಅಲ್ಲಿ ಕೈಗೆ ಸಿಗುವ ಒಂದು ವಸ್ತುವಿದೆ. ಮೊದಲಿನದರ ಬಗ್ಗೆ ಆಂಥೊನಿ ಚೀತಮ್ ಮತ್ತು ರಾಮ್ ಶೇಷಾದ್ರಿ 2024ರಲ್ಲಿ ಸರಿಯಾಗಿಯೇ ಕೇಳಿದರು: ಈ ಪಟ್ಟಿಯಲ್ಲಿ ನಿಜಕ್ಕೂ ಹೊಸದು ಎಷ್ಟು, ನಂಬಬಹುದಾದದ್ದು ಎಷ್ಟು, ಉಪಯೋಗಕ್ಕೆ ಬರುವುದು ಎಷ್ಟು? ಸುತ್ತು ವೇಗವಾದ ಮಾತ್ರಕ್ಕೆ ಊರು ಹತ್ತಿರವಾಗುವುದಿಲ್ಲ.

ಗಣಿತದಲ್ಲೇ ಏನಾದರೂ ಹೊಸದಿದೆಯೇ ಎಂದು ಕೇಳುವಿರಾದರೆ, ನನಗೆ ಇತ್ತೀಚೆಗೆ ಖುಷಿ ಕೊಟ್ಟದ್ದು ಒಂದು. ಒಂದು ಬೆಲೆಯನ್ನು ಆದಷ್ಟು ಕಡಿಮೆ ಮಾಡಲು, ಕಣಿವೆಯ ತಳ ಹುಡುಕುವವರಂತೆ ಇಳಿಜಾರು ನೋಡಿಕೊಂಡು ಕೆಳಗಿಳಿಯುವ ವಿಧಾನ 1847ರಷ್ಟು ಹಳೆಯದು, ಫ್ರೆಂಚ್ ಗಣಿತಜ್ಞ ಕೋಶಿಯದ್ದು. ಹೆಜ್ಜೆ ಒಂದು ಮಿತಿ ದಾಟಿದರೆ ಕಣಿವೆಯ ಆಚೆಗೆ ಹಾರಿಬಿಡುತ್ತೀರಿ, ಆದ್ದರಿಂದ ಸಣ್ಣ ಹೆಜ್ಜೆ ಇಡಿ ಎಂದು ನಾವೆಲ್ಲ ಪಾಠ ಮಾಡುತ್ತಾ ಬಂದೆವು. 2023ರಲ್ಲಿ ಬೆಂಜಮಿನ್ ಗ್ರಿಮ್ಮರ್ ಒಂದು ಕಡೆ, ಜೇಸನ್ ಆಲ್ಟ್‌ಶುಲರ್ ಮತ್ತು ಪಾಬ್ಲೊ ಪರಿಲೊ ಇನ್ನೊಂದು ಕಡೆ, ನಡುನಡುವೆ ಆ ಮಿತಿಯನ್ನು ದಾಟಿ ಉದ್ದನೆಯ ಹೆಜ್ಜೆ ಹಾಕಿದರೆ ಒಟ್ಟಾರೆ ಬೇಗ ತಲಪುತ್ತೀರಿ ಎಂದು ಸಾಧಿಸಿದರು. ಆ ಒಂದು ಹೆಜ್ಜೆಯಲ್ಲಿ ನಷ್ಟವಾಗಬಹುದು, ಮುಂದಿನವು ಅದನ್ನು ತುಂಬಿಕೊಡುತ್ತವೆ. ಆಲ್ಟ್‌ಶುಲರ್, ಪರಿಲೊ ಅವರ ಹೆಜ್ಜೆಗಳ ಲೆಕ್ಕ ನಿಂತಿರುವುದು ಬೆಳ್ಳಿ ಅನುಪಾತದ ಮೇಲೆ, ಅಂದರೆ ಒಂದು ಕೂಡಿಸು 2ರ ವರ್ಗಮೂಲ. ಬೌಧಾಯನರ ಸಂಖ್ಯೆ ಇಲ್ಲೂ ಬಂತು ನೋಡಿ. ಬಳಕೆಯಲ್ಲಿ ಹಿಂದಿನ ಹೆಜ್ಜೆಯ ರಭಸವನ್ನೂ ಬಳಸಿಕೊಳ್ಳುವ 1983ರ ನೆಸ್ಟರೋವ್ ವಿಧಾನ ಇದಕ್ಕಿಂತಲೂ ವೇಗದ್ದು. ಆದರೆ ಬೇರೇನನ್ನೂ ಮುಟ್ಟದೆ ಹೆಜ್ಜೆಯ ಉದ್ದವನ್ನಷ್ಟೇ ಬದಲಿಸಿ ಇಷ್ಟು ಗಳಿಸಬಹುದೆಂದು ನಾನಂತೂ ಎಣಿಸಿರಲಿಲ್ಲ.

ಇಷ್ಟು ಓದಿದ್ದೀರಿ, ಒಂದು ಕೆಲಸ ಕೊಡುತ್ತೇನೆ. ನಾಲ್ಕು ಮನೆಯ ಲೆಕ್ಕಕ್ಕೆ ವಾಪಸ್ಸು ಹೋಗಿ. ಮೇಲಿನ ಸಾಲಿನ ಮೊತ್ತ 5 ಎನ್ನುವ ಬದಲು ಅಳೆದವನು ಕಣ್ತಪ್ಪಿ 6 ಎಂದು ಬರೆದನೆಂದುಕೊಳ್ಳಿ, ಉಳಿದದ್ದೆಲ್ಲ ಹಾಗೇ ಇರಲಿ. ಅದೇ ಕ್ರಮದಲ್ಲಿ ಸಾಲು, ಕಂಬ, ಕರ್ಣ ಎಂದು ಎರಡು ಸುತ್ತು ತಿದ್ದಿ. ಸೀಸದಕಡ್ಡಿಯಲ್ಲೇ ಬರೆಯಿರಿ, ರಬ್ಬರ್ ಹತ್ತಿರವಿರಲಿ. ಮೊದಲ ಸುತ್ತಿನ ಕೊನೆಯಲ್ಲಿ ಬಂದ ನಾಲ್ಕು ಸಂಖ್ಯೆಗಳನ್ನು ಎರಡನೇ ಸುತ್ತಿನ ಕೊನೆಯ ನಾಲ್ಕರ ಪಕ್ಕದಲ್ಲಿಟ್ಟು ನೋಡಿ, ಮೂರನೇ ಸುತ್ತಿಗೆ ಹೋಗಬೇಕೋ ಬೇಡವೋ ನೀವೇ ಹೇಳಿ.