ಡೈರಿ ಬರೆದರೆ ಕುಡಿಯುವ ಆಸೆ ಹೆಚ್ಚುತ್ತದೆಯೇ?

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಹಾರ್ಡ್‌ವೇರ್ ಅಂಗಡಿಯಲ್ಲಿ ವಸೂಲಿ ಕೆಲಸ. ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ ಮೇಲೆ ಕುಡಿತ ಬಿಟ್ಟಿದ್ದೇನೆ. ಡೈರಿ ಬರೆಯಿರಿ ಎಂದು ಅಲ್ಲಿ ಹೇಳಿದ್ದರು. ರಾತ್ರಿ ಮಲಗುವ ಮುಂಚೆ ‘ಇವತ್ತು ಕುಡಿಯಲಿಲ್ಲ’ ಅಂತ ಬರೆಯುತ್ತೇನೆ. ಬರೆಯುವಾಗಲೇ ಹಳೆಯದೆಲ್ಲ ನೆನಪಾಗುತ್ತದೆ. ಸಂಜೆ ಏಳರ ಹೊತ್ತಿಗೆ ಪಿ.ಬಿ. ರಸ್ತೆಯಲ್ಲಿ ಬೈಕ್ ತಾನಾಗಿಯೇ ನಿಧಾನವಾಗುತ್ತದೆ. ಹೆಂಡತಿ ಬೇರೆ ದಿನಾ ಡೈರಿ ತೆಗೆದು ಓದುತ್ತಾಳೆ. ನಿಲ್ಲಿಸಿಬಿಡಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಲ್ಲಿಸಬೇಡಿ, ಬರೆಯುವ ಹೊತ್ತು ಬದಲಿಸಿ. ಮಲಗುವ ಮುಂಚೆ ನೀವು ಹಾಕುತ್ತಿರುವುದು ಬರೀ ಹಾಜರಿ. ನಿಮ್ಮ ಕಷ್ಟ ಇರುವುದು ಸಂಜೆ ಏಳಕ್ಕೆ. ಶರ್ಟಿನ ಜೇಬಿನಲ್ಲಿ ಪಾಕೆಟ್ ಡೈರಿ, ಪೆನ್ನು ಇಟ್ಟುಕೊಳ್ಳಿ. ಬೈಕ್ ನಿಧಾನವಾಯಿತು ಅನ್ನಿಸಿದ ಕೂಡಲೇ ಬಾರ್ ದಾಟಿ ಮುಂದೆ ಹೋಗಿ, ಬೆಳಕಿರುವ ಕಡೆ ನಿಲ್ಲಿಸಿ, ಅಲ್ಲೇ ಬರೆಯಿರಿ.

ನೆನಪು ಕೆದಕುತ್ತದೆ ಎಂಬ ನಿಮ್ಮ ಮಾತು ನಿಜ. ಗೆಳೆಯರ ಜೊತೆ ಕೂತದ್ದು, ಮೊದಲ ಗುಟುಕಿನ ರುಚಿ, ಇದನ್ನೆಲ್ಲ ಬರೆದರೆ ಆಸೆ ಏರುತ್ತದೆ. ಅದನ್ನು ಬಿಡಿ. ಆಸೆ ಹುಟ್ಟುವುದಕ್ಕೆ ಮುಂಚೆ ಏನಾಯಿತು, ಅಷ್ಟು ಸಾಕು. ಊಟ ಎಷ್ಟೊತ್ತಿಗೆ ಆಯಿತು, ಜೇಬಿನಲ್ಲಿ ದುಡ್ಡಿತ್ತಾ, ಯಾರ ಫೋನ್ ಬಂತು. ಸೆಳೆತಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರೋ ಅದನ್ನೂ ಹಾಕಿ. ಹೀಗೆ:

‘ಸೋಮವಾರ 7.10. ಊಟ ಹನ್ನೆರಡೂವರೆಗೆ. ಪಾರ್ಟಿ ನಾಳೆ ಬಾ ಅಂದ. ಮಾಲೀಕರು ಬೈದರು. ಮಿರ್ಚಿ ಕರಿಯುವ ವಾಸನೆ. 8.’

ಆಮೇಲೆ ಒಂದು ಪೊಟ್ಟಣ ಮಂಡಕ್ಕಿ ತಿಂದು, ಹೊಟ್ಟೆ ತುಂಬ ನೀರು ಕುಡಿದು, ಮತ್ತೆ ಬರೆಯಿರಿ: ‘7.35. 4.’

ಆ ಎರಡನೆಯ ಅಂಕವನ್ನು ಮಾತ್ರ ತಪ್ಪಿಸಬೇಡಿ. ಸೆಳೆತ ಏರುತ್ತಲೇ ಹೋಗುತ್ತದೆ, ಕುಡಿದರಷ್ಟೇ ಇಳಿಯುತ್ತದೆ ಎಂದು ಮನಸ್ಸು ನಂಬಿಸುತ್ತದೆ. ಸಾಮಾನ್ಯವಾಗಿ ಅದು ಅರ್ಧ ಗಂಟೆಯೊಳಗೆ ತಾನೇ ತಗ್ಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಇದನ್ನು ಅಲೆಗೆ ಹೋಲಿಸಿದರು. ಜಗಳಕ್ಕಿಳಿಯದೆ ಅದು ಏರಿ ಇಳಿಯುವುದನ್ನು ಗಮನಿಸಲು ಕಲಿಸಿದರು. ನಾನು ಹೇಳಿದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. 8 ಇದ್ದದ್ದು 4 ಆಯಿತೆಂದು ನಿಮ್ಮ ಕೈಬರಹವೇ ಹೇಳಿದರೆ ಬರುತ್ತದೆ.

ಆ ಹೊತ್ತಿನಲ್ಲಿ ಮನಸ್ಸು ಆಡುವ ಮಾತನ್ನೂ ಹಾಗೇ ಇಳಿಸಿ: ‘ಒಂದೇ ನೈಂಟಿ, ಯಾರಿಗೆ ಗೊತ್ತಾಗುತ್ತೆ.’ ಬೆಳಗ್ಗೆ ಕಾಫಿ ಕುಡಿಯುತ್ತ ಅದರ ಕೆಳಗೆ ಉತ್ತರ ಬರೆಯಿರಿ. ಒಂದಕ್ಕೆ ನಿಂತದ್ದು ಯಾವಾಗ ಎಂದು ಬೆಳಗಿನ ನೀವು ಸಂಜೆಯ ನಿಮ್ಮನ್ನು ಕೇಳಿ. ಮುಂದಿನ ಸಲ ಅದೇ ಮಾತು ಬಂದಾಗ ಉತ್ತರ ಜೇಬಿನಲ್ಲೇ ಇರುತ್ತದೆ.

ಭಾನುವಾರ ಕೂತು ವಾರದ್ದನ್ನೆಲ್ಲ ಓದಿ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದೋ ಮತ್ತೆ ಮತ್ತೆ ಕಾಣುತ್ತದೆ. ಹಸಿವಾದರೆ ಐದು ಗಂಟೆಗೇ ಏನಾದರೂ ತಿನ್ನಿ. ವಸೂಲಿ ದುಡ್ಡು ಜೇಬಿನಲ್ಲಿದ್ದಾಗಲೇ ಸೆಳೆತ ಜೋರಾದರೆ ಕತ್ತಲಾಗುವ ಮೊದಲೇ ಅಂಗಡಿಗೆ ಕಟ್ಟಿಬಿಡಿ. ಮನೆಗೆ ಬೇರೆ ದಾರಿ ಹಿಡಿಯುವುದು ಹೇಡಿತನವಲ್ಲ.

ಇನ್ನು ನಿಮ್ಮ ಮನೆಯವರು. ಅವರ ಭಯಕ್ಕೆ ಕಾರಣವಿದೆ, ನಾನದನ್ನು ತಳ್ಳಿಹಾಕುವುದಿಲ್ಲ. ಆದರೆ ಇನ್ನೊಬ್ಬರು ಓದುತ್ತಾರೆಂದು ಗೊತ್ತಿದ್ದರೆ ಎಂಟನ್ನು ಮೂರು ಎಂದೇ ಬರೆಯುತ್ತೀರಿ. ಆ ಡೈರಿಯಿಂದ ಏನು ಪ್ರಯೋಜನ? ‘ಡೈರಿ ಓದಬೇಡ, ದಿನಾ ಊಟಕ್ಕೆ ಕೂತಾಗ ನಾನೇ ಹೇಳುತ್ತೇನೆ’ ಎಂದು ಮಾತು ಕೊಡಿ, ಕೊಟ್ಟ ಮೇಲೆ ನಡೆಸಿ. ತಾಯೀ, ನಿಮಗೂ ಒಂದು ಮಾತು: ಅವರು ‘ಇವತ್ತು ತುಂಬಾ ಕಷ್ಟವಾಯಿತು’ ಅಂದರೆ ಅದು ಕುಡಿದೆ ಅಂದಂತೆ ಅಲ್ಲ. ಬೈಯಬೇಡಿ.

ಒಂದು ದಿನ ಕುಡಿದೇಬಿಟ್ಟರೆ ಹಾಳೆ ಹರಿಯಬೇಡಿ. ಮರುದಿನ ಬೆಳಗ್ಗೆ ಅದೇ ಕ್ರಮದಲ್ಲಿ ಬರೆಯಿರಿ: ಊಟ, ದುಡ್ಡು, ಫೋನ್, ಹೊತ್ತು. ಮುಂದಿನ ಸಂಜೆಗೆ ಹೆಚ್ಚು ಉಪಯೋಗಕ್ಕೆ ಬರುವ ಪುಟ ಅದೇ.

ಇನ್ನೂ ದಿನಾ ಕುಡಿಯುತ್ತಿರುವವರು ಇದನ್ನು ಓದಿ ಡೈರಿ ಹಿಡಿದು ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು, ಜೀವಕ್ಕೂ ಅಪಾಯ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಂಡೇ ಬಿಡಬೇಕು. ದಾವಣಗೆರೆಯವರೇ, ಅಂಕ ವಾರಗಟ್ಟಲೆ ಇಳಿಯದಿದ್ದರೆ ನೀವೂ ಹೋಗಿ. ಸೆಳೆತ ತಗ್ಗಿಸಲು ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳಿವೆ, ನಿಮಗೆ ಹೊಂದುತ್ತದೆಯೇ ಎಂದು ಪರೀಕ್ಷೆ ಮಾಡಿ ಅವರು ಹೇಳುತ್ತಾರೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ. ಆ ಸಂಖ್ಯೆಯನ್ನು ಡೈರಿಯ ಮೊದಲ ಪುಟದಲ್ಲೇ ಬರೆದುಕೊಳ್ಳಿ.